ಶೀಟಿನ ಕೆಳಗಿನ ಗಾಳಿ

ನವೆಂಬರ್ ೯, ೧೯೯೭

ನನ್ನ ಅಕ್ಷರ ಚೆನ್ನಾಗಿಲ್ಲ. ಐದನೇ ಕ್ಲಾಸಿಗೇ ಬಿಡಿಸಿದರು. ಒತ್ತಕ್ಷರ ಎಲ್ಲಿ ಹಾಕಬೇಕು ಅಂತ ಈಗಲೂ ಸರಿಯಾಗಿ ತಿಳಿಯುವುದಿಲ್ಲ. ಇದನ್ನು ಓದುವವರು ಯಾರೂ ಇಲ್ಲ, ಆದರೂ ಮೊದಲೇ ತಪ್ಪಾಯಿತು ಅಂದುಬಿಡುತ್ತೇನೆ. ಈ ಮನೆಗೆ ಬಂದ ಮೇಲೆ ಅದು ರೂಢಿಯಾಗಿದೆ.

ಡೈರಿ ಮಾವನದು. ಅವರು ರಿಟೈರ್ ಆದಾಗ ಫ್ಯಾಕ್ಟರಿಯವರು ಕೊಟ್ಟಿದ್ದಂತೆ. ಹಳೇ ಪೇಪರ್ ಜೊತೆ ಒಲೆಗೆ ಹಾಕು ಅಂತ ಕೊಟ್ಟರು. ನಾನು ಹಾಕಲಿಲ್ಲ.

ಇವತ್ತು ಅತ್ತೆ ಕರೆದು ಹಿಂದಿನ ಕೋಣೆ ಖಾಲಿ ಮಾಡು ಅಂದರು. ನಾನು ಮತ್ತು ಇವರು ಮಲಗುವ ಕೋಣೆ ಅದು. ಇವರು ಅಂದರೆ ನನ್ನ ಗಂಡ, ಕೇದಾರ್. ಹೆಸರು ಹೇಳಬಾರದು ಅಂತಾರೆ, ಬರೆಯಬಾರದು ಅಂತ ಯಾರೂ ಹೇಳಿಲ್ಲ. ನಾದಿನಿ ಪ್ರತಿಭಾ ಹೆರಿಗೆಗೆ ಬಂದಿದ್ದಾಳೆ. ಈ ತಿಂಗಳ ಕೊನೆಗೆ ದಿನ ತುಂಬುತ್ತದೆ. ಬಾಣಂತಿ ಕೋಣೆ ಅದೇ ಆಗಬೇಕು.

ಗರುಡಾಚಾರ್‌ಪಾಳ್ಯದಲ್ಲಿ ನಮ್ಮ ಬೀದಿಗೆ ನಮ್ಮದೇ ಕೊನೇ ಮನೆ. ಹಿಂದೆ ಬರೀ ಬಯಲು. ಚಳಿಗಾಲದ ಗಾಳಿ ನೇರ ಆ ಕೋಣೆಯ ಗೋಡೆಗೇ ಬಂದು ಹೊಡೆಯುತ್ತದೆ. ಮೇಲೆ ಸಿಮೆಂಟ್ ಶೀಟು. ಶೀಟಿಗೂ ಗೋಡೆಗೂ ನಡುವೆ ಉದ್ದಕ್ಕೂ ಸಂದುಗಳಿವೆ, ಒಂದೊಂದರಲ್ಲೂ ಕೈ ತೂರುತ್ತದೆ.

"ಎಲ್ಲಾ ಮುಚ್ಚಬೇಕು. ಎಲ್ಲಿಂದ್ಲೂ ಗಾಳಿ ಬರಬಾರದು. ಬಾಣಂತನದಲ್ಲಿ ಶೀತ ಹಿಡಿದ್ರೆ ಸಾಯೋವರೆಗೂ ಬಿಡಲ್ಲ" ಅಂದರು ಅತ್ತೆ.

ಒಳಗಿನಿಂದ ಮುಚ್ಚಿದರೆ ಸುಲಭ ಅಲ್ಲವಾ ಅತ್ತೆ ಅಂದೆ.

"ಸಾಮಾನು ತೆಗೆದ ಮೇಲೆ ಒಳಗೆ ಕಾಲಿಡೋ ಹಾಗಿಲ್ಲ ನೀನು. ಹೊರಗೆ ಏಣಿ ಹಾಕ್ಕೊಂಡು ಮಾಡು. ಮಡಿಲು ತುಂಬದೋಳ ಕಣ್ಣು ಆ ಕೋಣೆ ಒಳಗೆ ಬೀಳಬಾರದು."

ಮಾವ ಪೇಪರಿನ ಹಿಂದೆ ಕೂತಿದ್ದರು. ಪೇಪರ್ ಸ್ವಲ್ಪ ಅಲ್ಲಾಡಿತು, ಅಷ್ಟೇ.

ಮದುವೆಯಾಗಿ ನಾಲ್ಕು ವರ್ಷ. ದಾವಣಗೆರೆಯಲ್ಲಿ ಇವರಿಗೆ ಇನ್ನೊಂದು ಹುಡುಗಿ ನೋಡಿದ್ದಾರೆ. ನನಗೆ ತಿಳಿಯದ ಹಾಗೆ ಮಾತಾಡುವ ಕಷ್ಟವನ್ನೂ ಅತ್ತೆ ತೆಗೆದುಕೊಳ್ಳುವುದಿಲ್ಲ. "ಸಂಕ್ರಾಂತಿ ಕಳೀಲಿ, ನಿನ್ನ ವಿಷಯ ತೀರ್ಮಾನ ಆಗುತ್ತೆ" ಅನ್ನುತ್ತಾರೆ. ಈ ಕೆಲಸ ಚೆನ್ನಾಗಿ ಮಾಡಿ ತೋರಿಸಬೇಕು. ಮಾಡಿದರೆ ಮನಸ್ಸು ಕರಗೀತು.

ನವೆಂಬರ್ ೧೩

ಕೈ ಸುಟ್ಟ ಹಾಗೆ ಉರಿಯುತ್ತಿದೆ, ಸಿಮೆಂಟಿನಿಂದ. ಪಕ್ಕದ ಮನೆಯ ಜಿಯಾವುಲ್ಲಾ ಸಾಬರು ಗಾರೆ ಕೆಲಸದವರು. ಅವರೇ ಕರಣೆ ಕೊಟ್ಟು ಹೇಳಿಕೊಟ್ಟರು. ಹಳೇ ಗೋಣಿಯನ್ನು ಸಿಮೆಂಟ್ ನೀರಿನಲ್ಲಿ ಅದ್ದಿ, ಹಿಂಡಿ, ಸಂದಿಗೆ ತುರುಕಬೇಕು. ಅದು ಬಿಗಿದ ಮೇಲೆ ಮೇಲಿಂದ ತೆಳ್ಳಗೆ ಗಾರೆ ಎಳೆಯಬೇಕು. ಕಿಟಕಿಗೆ ಮೊದಲು ಗೋಣಿ, ಆಮೇಲೆ ಟಾರ್ಪಾಲು, ನಾಲ್ಕೂ ಕಡೆ ಮರದ ರೀಪರ್ ಪಟ್ಟಿ ಹೊಡೆದು ಬಿಗಿ ಮಾಡಬೇಕು.

ಅವರ ಹೆಂಡತಿ ಚಾಂದ್ ಬೀ ಕಾಂಪೌಂಡಿನ ಆಚೆಯಿಂದ ನೋಡುತ್ತಾ ನಿಂತಿದ್ದರು.

"ಏನ್ ಬೇಟಿ, ನಿಮ್ ಅತ್ತೆ ಕೋಣೆ ಕಟ್ಟಿಸ್ತಾಳಾ, ಗೋರಿ ಕಟ್ಟಿಸ್ತಾಳಾ?"

ನಗು ಬಂತು. ಅತ್ತೆಗೆ ಕೇಳಿಸೀತು ಅಂತ ಬಾಯಿಗೆ ಸೆರಗು ಇಟ್ಟುಕೊಂಡೆ.

"ನಗಬೇಡ. ಒಳಗೆ ಅಗ್ಗಿಷ್ಟಿಕೆ ಇಡ್ತಾರಾ?"

"ಇಡ್ತಾರೆ ಚಾಂದ್ ಬೀ. ರಾತ್ರಿಯೆಲ್ಲಾ ಕೆಂಡ ಇರಬೇಕಂತೆ. ಮಗೂಗೆ ಬೆಚ್ಚಗೆ."

ಅವರ ಮುಖ ಬದಲಾಯಿತು. ಶಿವಾಜಿನಗರದಲ್ಲಿ ಅವರ ಮಾಮನ ಮಗ ಗುಜರಿ ಅಂಗಡಿಯಲ್ಲಿ ಮಲಗುತ್ತಿದ್ದನಂತೆ. ಒಂದು ಚಳಿಗಾಲ ಷಟರ್ ಎಳೆದುಕೊಂಡು, ಪಕ್ಕದಲ್ಲಿ ಕೆಂಡ ಇಟ್ಟುಕೊಂಡು ಮಲಗಿದ. ಬೆಳಿಗ್ಗೆ ಏಳಲಿಲ್ಲ. ಮೈ ಮೇಲೆ ಒಂದು ಗಾಯ ಇರಲಿಲ್ಲವಂತೆ, ನಿದ್ದೆ ಮಾಡುತ್ತಿರುವ ಹಾಗೇ ಇದ್ದನಂತೆ.

"ಕೆಂಡಾನೂ ಉಸಿರು ತಗೊಳ್ತದೆ ಬೇಟಿ. ಮನುಷ್ಯರಿಗೆ ಉಳಿಸಲ್ಲ. ಒಂದು ಸುರಾಖ್ ಬಿಡು, ಅಂಗೈಯಷ್ಟು ತೂತು, ಮೇಲ್ಗಡೆ. ಬಿಟ್ಟಿದೀನಿ ಅಂತ ಯಾರಿಗೂ ಹೇಳಬೇಡ, ಸುಮ್ಮನೆ ಬಿಟ್ಬಿಡು."

ಮೂಲೆಯಲ್ಲಿ, ಒಳಗಿನ ಅಟ್ಟದ ಪಕ್ಕಕ್ಕೆ ಬರುವ ಸಂದನ್ನು ಬಿಟ್ಟಿದ್ದೇನೆ. ಅತ್ತೆಗೆ ತಿಳಿದರೆ ಏನಾಗುತ್ತದೋ. ಆದರೆ ಮಗು ಇರುವ ಕೋಣೆ. ಬಿಡದೆ ಹೇಗಿರಲಿ.

ನವೆಂಬರ್ ೧೬

ಅತ್ತೆ ಊದುಬತ್ತಿ ಹಚ್ಚಿಕೊಂಡು ಗೋಡೆಯುದ್ದಕ್ಕೂ ನಡೆದರು. ಹೊಗೆ ಬಾಗಿದ ಕಡೆ ಗಾಳಿ ಇದೆ ಅಂತ ಲೆಕ್ಕ. ನಾನು ಹೊರಗೆ ಏಣಿ ಮೇಲೆ. ಒಳಗಿನಿಂದ "ಇಲ್ಲಿ", "ಇಲ್ಲೂ ಇದೆ, ಕಣ್ಣು ಎಲ್ಲಿಟ್ಟಿದ್ದೆ" ಅನ್ನುತ್ತಿದ್ದರು, ನಾನು ತೇಪೆ ಹಾಕುತ್ತಿದ್ದೆ. ಅಟ್ಟದ ಮೂಲೆಯವರೆಗೆ ಅವರ ಕೈ ಎಟುಕಲಿಲ್ಲ.

ಪ್ರತಿಭಾ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಬಂದು ನೋಡಿದಳು. "ಅತ್ತಿಗೆ, ನೀವು ಒಳ್ಳೇ ಮೇಸ್ತ್ರಿ ಆಗ್ಬಿಟ್ರಲ್ಲ! ನಮ್ಮೂರಲ್ಲಿ ಒಂದು ಮನೆ ಕಟ್ಟಿಸ್ಬೇಕು, ಬರ್ತೀರಾ?" ಅಂದಳು. ಈ ಮನೆಯಲ್ಲಿ ನನ್ನ ಜೊತೆ ತಮಾಷೆ ಮಾಡುವವಳು ಅವಳೊಬ್ಬಳೇ.

ನವೆಂಬರ್ ೨೯

ಗಂಡು ಮಗು. ಹಲಸೂರಿನ ನರ್ಸಿಂಗ್ ಹೋಮಿನಿಂದ ಇವತ್ತು ಆಟೋದಲ್ಲಿ ಬಂದರು. ಆಟೋ ನಿಲ್ಲುವ ಮೊದಲೇ ಅತ್ತೆ ನನ್ನನ್ನು ಹಿತ್ತಲಿಗೆ ಕಳಿಸಿದರು. ಆರತಿ ಎತ್ತಲು ಎದುರು ಮನೆಯ ಶಾಂತಕುಮಾರಿಯನ್ನು ಕರೆದಿದ್ದರು, ಅವರಿಗೆ ಮೂರು ಮಕ್ಕಳು. ನಾನು ಹಂಡೆಗೆ ಉರಿ ಹಾಕುತ್ತಾ ಅಳು ಕೇಳಿಸಿಕೊಂಡೆ. ಸಣ್ಣ ಧ್ವನಿ. ಬೆಕ್ಕಿನ ಮರಿ ಹಾಗೆ.

ನನ್ನ ಹಾಸಿಗೆ ಈಗ ಹೊರಗೆ, ಬಚ್ಚಲ ಹಂಡೆಯ ಪಕ್ಕ. ಮಾವ ಹಾಲ್‌ನಲ್ಲಿ, ಅತ್ತೆ ರಾತ್ರಿ ಬಾಣಂತಿಯ ಜೊತೆ ಕೋಣೆಯಲ್ಲಿ. ಇವರಿಗೆ ಜನವರಿಯವರೆಗೂ ನೈಟ್ ಶಿಫ್ಟ್.

ಡಿಸೆಂಬರ್ ೮

ಚಳಿ. ಬಚ್ಚಲಿಗೆ ಬಾಗಿಲಿಲ್ಲ, ಒಂದು ಗೋಣಿ ಇಳಿಬಿಟ್ಟಿದ್ದೇನೆ. ಉಳಿದ ಗೋಣಿಯನ್ನೆಲ್ಲಾ ಆ ಗೋಡೆ ತಿಂದಿತು.

ಬಾಣಂತಿಯ ಬಟ್ಟೆ, ಮಗುವಿನ ಬಟ್ಟೆ ಎಲ್ಲಾ ನನಗೇ. ಅದನ್ನು ಮುಟ್ಟಿದರೆ ದೃಷ್ಟಿಯಾಗುವುದಿಲ್ಲವಂತೆ. ಒಗೆದು ಒಣಗಿಸಿ ಹೊಸ್ತಿಲ ಈಚೆ ಇಡಬೇಕು, ಅತ್ತೆ ಒಳಗೆ ತೆಗೆದುಕೊಳ್ಳುತ್ತಾರೆ. ಕೆಂಡವನ್ನೂ ಹಾಗೇ. ಸಂಜೆ ಅಗ್ಗಿಷ್ಟಿಕೆ ತುಂಬಿ ಹೊಸ್ತಿಲ ಹತ್ತಿರ ಇಟ್ಟು ದೂರ ಸರಿಯಬೇಕು.

ಇವತ್ತು ಶಾಂತಕುಮಾರಿ ಬಂದಿದ್ದಾಗ ಅತ್ತೆ ನನಗೆ ಕೇಳಿಸುವ ಹಾಗೆ ಅಂದರು: "ಒಂದು ಸಲ ನಿಂತಿತ್ತು, ಮೂರು ತಿಂಗಳಿಗೇ ಹೋಯ್ತು. ಇವಳ ಹೊಟ್ಟೇಲಿ ಏನೂ ನಿಲ್ಲಲ್ಲ, ಅನ್ನ ಒಂದು ಬಿಟ್ಟು."

ಇಬ್ಬರೂ ನಕ್ಕರು. ಶಾಂತಕುಮಾರಿ ಆಮೇಲೆ ನನ್ನನ್ನು ನೋಡಿ ನಗು ನಿಲ್ಲಿಸಿದರು.

ಬೆಳಿಗ್ಗೆ ಇವರು ಡ್ಯೂಟಿಯಿಂದ ಬಂದಾಗ ಕಾಫಿ ಕೊಡುತ್ತಾ, "ದಾವಣಗೆರೆ ವಿಷಯ ನಿಜಾನಾ ರೀ?" ಅಂತ ಕೇಳಿದೆ. "ಅಮ್ಮನ್ನ ಕೇಳು" ಅಂದರು. ಕಾಫಿ ಕುಡಿದು ಮಲಗಿದರು.

ಡಿಸೆಂಬರ್ ೧೪

ಇವತ್ತು ನಾನು ಅವನನ್ನು ನೋಡಿದೆ!

ಅತ್ತೆ ಮಾವ ಇಬ್ಬರೂ ದೇವಸ್ಥಾನಕ್ಕೆ ಹೋಗಿದ್ದರು. ಗಾರೆ ಬಿರುಕು ಬಿಟ್ಟಿದೆಯಾ ನೋಡಲು ಏಣಿ ಹತ್ತಿದ್ದೆ. ಮೂಲೆಯ ತೂತಿನ ಹತ್ತಿರ ಬಂದಾಗ ಒಳಗಿನಿಂದ, "ಯಾರು, ಅತ್ತಿಗೇನಾ?" ಅಂತ ಪ್ರತಿಭಾ ಕೇಳಿದಳು.

ಇಳಿಯಲು ಹೋದೆ.

"ನಿಲ್ಲಿ ಅತ್ತಿಗೆ. ಆ ತೂತು ನೀವೇ ಬಿಟ್ಟಿದ್ದಾ? ಅಮ್ಮನಿಗೆ ಹೇಳಲ್ಲ. ಅದೊಂದು ಇಲ್ದಿದ್ರೆ ನಾನು ಈ ಹೊಗೇಲಿ ಹುಚ್ಚಿ ಆಗ್ತಿದ್ದೆ. ತಲೆನೋವು ಬಂದಾಗ ಆ ಕಡೆ ಮುಖ ಮಾಡ್ಕೊಂಡು ಕೂತ್ಕೋತೀನಿ."

ಆಮೇಲೆ "ನೋಡ್ತೀರಾ?" ಅಂದಳು.

ಮಂಚದ ಮೇಲೆ ಮೊಣಕಾಲೂರಿ ಅವನನ್ನು ಎತ್ತಿ ಹಿಡಿದಳು. ಒಳಗೆ ಕತ್ತಲೆ, ನನಗೆ ಮೊದಲು ಬಿಳೀ ಕುಲಾವಿ ಮಾತ್ರ ಕಂಡಿತು. ಆಮೇಲೆ ಮುಖ. ಮೂಗು ಇವರದೇ. ತೂತಿನ ಬೆಳಕು ಕಣ್ಣಿಗೆ ಬಿದ್ದು ಮುಖ ಕಿವುಚಿದ. ಒಂದು ಸೀನು ಸೀನಿದ. ಪ್ರತಿಭಾ ನಕ್ಕಳು. "ನೋಡಿ, ಮಾಮಿಗೆ ನಮಸ್ಕಾರ ಮಾಡ್ದ" ಅಂದಳು.

ಮಾಮಿ ಅಂತ ನನ್ನನ್ನು ಯಾರೂ ಕರೆದಿರಲಿಲ್ಲ.

ಇಳಿದು ಬಂದು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ. ನನ್ನ ನಿಜವಾದ ಹೆಸರು ಭೀಮವ್ವ. ಬೆಂಗಳೂರಿನಲ್ಲಿ ಆ ಹೆಸರು ನಡೆಯುವುದಿಲ್ಲ ಅಂತ ಮದುವೆಯಲ್ಲಿ ಅಂಜಲಿ ಅಂತ ಇಟ್ಟರು. ಅವನು ದೊಡ್ಡವನಾದ ಮೇಲೆ ಭೀಮಿ ಮಾಮಿ ಅಂತ ಕರೆಯಲಿ. ನಾನೇ ಕಲಿಸುತ್ತೇನೆ.

ಡಿಸೆಂಬರ್ ೨೨

ಅತ್ತೆ ಮಧ್ಯಾಹ್ನ ಹಾಲ್‌ನಲ್ಲಿ ಮಲಗಿದ ಮೇಲೆ ದಿನಾ ಏಣಿ ಹತ್ತುತ್ತೇನೆ. ಪ್ರತಿಭಾ ಎತ್ತಿ ತೋರಿಸುತ್ತಾಳೆ. ಬಲಗಿವಿಯ ಹಿಂದೆ ಒಂದು ಮಚ್ಚೆ ಇದೆ. ಅತ್ತೆ ಅದನ್ನು ಇನ್ನೂ ನೋಡಿಲ್ಲವಂತೆ, ನಾನೇ ಮೊದಲು ನೋಡಿದ್ದು.

ಚಾಂದ್ ಬೀ, "ಏನ್ ಬೇಟಿ, ಮೈ ಕೈ ತುಂಬ್ಕೊಂಡಿದೀಯ" ಅಂದರು. ಚಳಿಗೆ ಇರಬೇಕು ಅಂದೆ.

ಡಿಸೆಂಬರ್ ೨೯

ಮಗುವಿಗೆ ನಿನ್ನೆಯಿಂದ ಜ್ವರ. ಅತ್ತೆ ಕಡ್ಡಿ ಸುಟ್ಟು, ಉಪ್ಪು ಮೆಣಸಿನಕಾಯಿ ಇಳಿ ತೆಗೆದು ದೃಷ್ಟಿ ನೋಡಿದರು. ಮೆಣಸಿನಕಾಯಿ ಘಾಟು ಬರಲಿಲ್ಲವಂತೆ. ಅಂದರೆ ಗಟ್ಟಿ ದೃಷ್ಟಿ.

ನಾನು ಇವತ್ತು ಹತ್ತಬಾರದಿತ್ತು. ಜ್ವರ ಬಿಟ್ಟಿದೆಯಾ ಕೇಳಬೇಕಿತ್ತು, ಅಷ್ಟೇ. ಪ್ರತಿಭಾ ಎತ್ತಿ ಹಿಡಿದಿದ್ದಳು. ಅಷ್ಟರಲ್ಲಿ ಕೋಣೆಯ ಬಾಗಿಲು ತೆಗೆದ ಸದ್ದಾಯಿತು.

ಅತ್ತೆ ಹಿತ್ತಲಿಗೆ ಬಂದು ಏಣಿಯನ್ನೇ ಎಳೆದರು. ನಾನು ಬಿದ್ದೆ. ಕೂದಲು ಹಿಡಿದು ಹೊಸ್ತಿಲವರೆಗೂ ಎಳೆದುಕೊಂಡು ಬಂದರು.

"ಹೇಳೇ. ಎಷ್ಟು ದಿನದಿಂದ ಕದ್ದು ನೋಡ್ತಿದೀಯ? ನಿಂದಂತೂ ನಿಲ್ಲಲಿಲ್ಲ, ಇವಳದ್ದನ್ನೂ ತಿನ್ನಬೇಕಾ?"

ನಾನು ಪ್ರತಿಭಾ ಕಡೆ ನೋಡಿದೆ. ಬಾಗಿಲು ತೆರೆದಿತ್ತು. ಮಗುವನ್ನು ಎದೆಗೆ ಅವುಚಿಕೊಂಡು ಮಂಚದ ಮೇಲೆ ಕೂತಿದ್ದಳು.

"ನೀನು ತೋರಿಸಿದ್ಯಾ?" ಅಂತ ಅತ್ತೆ ಅವಳನ್ನು ಕೇಳಿದರು.

"ಅಯ್ಯೋ ಇಲ್ಲಮ್ಮ. ನಾನ್ಯಾಕೆ ತೋರಿಸ್ಲಿ. ನಂಗೆ ತೂತು ಇರೋದೇ ಗೊತ್ತಿಲ್ಲ" ಅಂದಳು.

ಜೋರಾಗಿ, ಸ್ಪಷ್ಟವಾಗಿ ಅಂದಳು.

ಅತ್ತೆ ಚೂರು ಕೆಂಡವನ್ನು ಚಿಮಟದಲ್ಲಿ ಹಿಡಿದು ನನ್ನ ಮೊಣಕೈ ಹತ್ತಿರ ಬರೆ ಇಟ್ಟರು. ಮಾವ "ಪ್ರೇಮಾ, ಸಾಕು ಬಿಡೇ" ಅಂದರು, ಎದ್ದು ಬರಲಿಲ್ಲ. ನಾನು ಕಿರುಚಲಿಲ್ಲ ಅಂತ ಕಾಣುತ್ತೆ. ನೆನಪಿಲ್ಲ.

ಡಿಸೆಂಬರ್ ೩೦

"ನಿನ್ ಕೈಯಾರೆ ಮುಚ್ಚು. ನನ್ ಕಣ್ಣೆದುರೇ ಮುಚ್ಚು" ಅಂದರು ಅತ್ತೆ.

ಮುಚ್ಚಿದೆ. ಗೋಣಿ ಉಳಿದಿರಲಿಲ್ಲ. ಬಚ್ಚಲಿಗೆ ಇಳಿಬಿಟ್ಟಿದ್ದನ್ನು ಕಿತ್ತು ತಂದೆ. ಅದ್ದಿ, ಹಿಂಡಿ, ಹೆಬ್ಬೆರಳಿನಿಂದ ಒಳಗೆ ತಳ್ಳಿ ತಳ್ಳಿ ತುಂಬಿದೆ. ಅತ್ತೆ ಒಳಗೆ ಸ್ಟೂಲ್ ಹಾಕಿಕೊಂಡು ಊದುಬತ್ತಿ ಹಿಡಿದರು. ಹೊಗೆ ನೆಟ್ಟಗೆ ಮೇಲೆ ಹೋಯಿತಂತೆ.

ಏಣಿ ಮೇಲೆ ನಿಂತಾಗ ಚಾಂದ್ ಬೀ ಹೇಳಿದ್ದು ನೆನಪಿಗೆ ಬಂತು. ಒಳಗಿನಿಂದ ಪ್ರತಿಭಾ, "ಅಮ್ಮ, ಪೂರ್ತಿ ಮುಚ್ಚಿದ್ರೆ ಉಸಿರು ಕಟ್ಟುತ್ತೆ ನಂಗೆ" ಅಂತಿದ್ದಳು. "ಹೆರೋದಕ್ಕೆ ಉಸಿರಿತ್ತಲ್ಲ, ಸುಮ್ನಿರು" ಅಂದರು ಅತ್ತೆ. ಆಗ ನಾನು ಹೇಳಬಹುದಿತ್ತು. ಹೇಳಿದರೆ ಯಾರು ಕೇಳುತ್ತಿದ್ದರು? ತೂತು ಇರುವುದೇ ಗೊತ್ತಿಲ್ಲ ಅಂದವಳಿಗೆ ಅದು ಮುಚ್ಚಿದರೆ ಗೊತ್ತಾಗುವುದು ಹೇಗೆ.

ಕೊನೆಗೆ ಒದ್ದೆ ಬಟ್ಟೆಯಿಂದ ಸವರಿದೆ. ಎಲ್ಲಿತ್ತು ಅಂತ ನನಗೇ ಗುರುತು ಸಿಗದಷ್ಟು ನುಣ್ಣಗಾಗಿದೆ. ಜಿಯಾವುಲ್ಲಾ ಸಾಬರೂ ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ.

ಜನವರಿ ೨, ೧೯೯೮

ವಿಪರೀತ ಚಳಿ. ಸಂಜೆ ಅತ್ತೆ "ಇವತ್ತು ಎರಡು ಅಗ್ಗಿಷ್ಟಿಕೆ ಬೇಕು" ಅಂದರು. ತುಂಬಿ ಇಟ್ಟೆ. ಹೇಳಿದಷ್ಟು ಮಾಡಿದೆ.

ಜನವರಿ ೪

ಬರೆಯಲು ಆಗಿರಲಿಲ್ಲ, ಮನೆ ತುಂಬಾ ಜನ.

ನಿನ್ನೆ ಬೆಳಿಗ್ಗೆ ಆಯಿತು. ಹಂಡೆ ಕಾದು ಕುದಿಯುತ್ತಿತ್ತು. ದಿನಾ ಆ ಹೊತ್ತಿಗೆ ಅತ್ತೆ ಬಾಗಿಲು ತೆಗೆದು ಬಿಸಿನೀರಿಗೆ ಕೂಗುತ್ತಾರೆ. ಕೂಗಲಿಲ್ಲ. ಅವರು ಕರೆಯದೆ ನಾನು ಆ ಬಾಗಿಲ ಹತ್ತಿರ ಹೋಗಬಾರದು ಅಂತ ಅವರದೇ ಮಾತು. ಹೋಗಲಿಲ್ಲ. ಕಸ ಗುಡಿಸಿದೆ, ನೀರು ಹಾಕಿದೆ, ರಂಗೋಲಿ ಬಿಟ್ಟೆ. ಮಾವನಿಗೆ ಕಾಫಿ ಕೊಟ್ಟೆ. "ಇನ್ನೂ ಎದ್ದಿಲ್ವಾ ಅವರು?" ಅಂತ ಮಾವ ಕೇಳಿದರು. "ಮಗು ರಾತ್ರಿ ಮಲಗಿಸಿಲ್ಲವೇನೋ ಮಾವ, ಮಲಗಿರಲಿ" ಅಂದೆ.

ಆಮೇಲೆ ಒಳಗೆ ಏನೋ ಬಿದ್ದ ಸದ್ದು. ಬಾಗಿಲು ತೆರೆದುಕೊಂಡಿತು. ಅತ್ತೆ ಹೊಸ್ತಿಲ ಮೇಲೆ ಬಿದ್ದು ವಾಂತಿ ಮಾಡುತ್ತಿದ್ದರು. ಮಾವ ಪ್ರತಿಭಾಳನ್ನು ಹಾಲ್‌ಗೆ ಎಳೆದುಕೊಂಡು ಬಂದರು. ಮುಖಕ್ಕೆ ನೀರು ಹಾಕಿ ಹಾಕಿ ಎಷ್ಟೋ ಹೊತ್ತಿಗೆ ಕಣ್ಣು ಬಿಟ್ಟಳು.

ಅವನನ್ನು ಅಗ್ಗಿಷ್ಟಿಕೆಯ ಪಕ್ಕದಲ್ಲೇ ಮಲಗಿಸಿದ್ದರು. ಬೆಚ್ಚಗಿರಲಿ ಅಂತ.

ಯಾರೂ ಬೇಡ ಅನ್ನಲಿಲ್ಲ, ನಾನೇ ಎತ್ತಿಕೊಂಡೆ. ಮೈ ಇನ್ನೂ ಬಿಸಿಯಿತ್ತು, ಉಸಿರಿರಲಿಲ್ಲ. ಕುಲಾವಿ ಜಾರಿತ್ತು, ಮಚ್ಚೆ ಕಾಣುತ್ತಿತ್ತು. ಇಷ್ಟು ಹಗುರ ಇರುತ್ತಾನೆ ಅಂತ ಗೊತ್ತಿರಲಿಲ್ಲ.

ಡಾಕ್ಟರು ಕೆಂಡದ ಗಾಳಿ ಅಂದರು. "ಕೋಣೇನ ಹೀಗೆ ಯಾರ್ರೀ ಮುಚ್ಚಿಸಿದ್ದು?" ಅಂತ ಬೈದರು. ಅತ್ತೆ ನೆಲ ನೋಡುತ್ತಿದ್ದರು. ನಾನೂ ನೆಲ ನೋಡಿದೆ.

ಜನವರಿ ೮

ಪ್ರತಿಭಾಳ ಗಂಡನ ಕಡೆಯವರು ಬಂದು ಕೂಗಾಡಿ ಹೋದರು. ಯಾರು ಮುಚ್ಚಿಸಿದ್ದು ಅಂತ ಅವರೂ ಕೇಳಿದರು. ಅತ್ತೆ ಅಡಿಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು.

"ನೀನು ಏನೂ ಹೇಳಬೇಡಮ್ಮ."

ಅಮ್ಮ ಅಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ.

"ಇಲ್ಲ ಅತ್ತೆ. ನನಗೇನು ಗೊತ್ತು" ಅಂದೆ.

ಚಾಂದ್ ಬೀ ಕಾಂಪೌಂಡ್ ಆಚೆಯಿಂದ ಮೆಲ್ಲಗೆ ಕೇಳಿದರು. "ಸುರಾಖ್ ಬಿಟ್ಟಿದ್ಯಲ್ಲ ಬೇಟಿ?"

"ಬಿಟ್ಟಿದ್ದೆ ಚಾಂದ್ ಬೀ."

ಅವರು ನನ್ನನ್ನೇ ನೋಡುತ್ತಾ ನಿಂತರು. ನಾನು ಬಟ್ಟೆ ಒಣಹಾಕುತ್ತಿದ್ದೆ. ಇವತ್ತು ಸ್ವಲ್ಪವೇ ಬಟ್ಟೆ ಇತ್ತು.

ಜನವರಿ ೧೨

ಹಿಂದಿನ ಕೋಣೆ ಮತ್ತೆ ನಮಗೆ. ಪ್ರತಿಭಾ ಅಲ್ಲಿ ಮಲಗಲ್ಲ ಅಂತ ಅಳುತ್ತಾಳೆ, ಹಾಲ್‌ನಲ್ಲಿ ಮಲಗುತ್ತಾಳೆ. ಇವರು ನಿನ್ನೆಯಿಂದ ಹಗಲು ಶಿಫ್ಟ್. ರಾತ್ರಿ, "ದಾವಣಗೆರೆದು ಅಮ್ಮ ಬೇಡ ಅಂದ್ಬಿಟ್ಳು" ಅಂದರು, ಸಿಹಿ ಸುದ್ದಿ ಕೊಡುವ ಹಾಗೆ. ನನಗೆ ಅಂಥಾ ಸಂತೋಷವೇನೂ ಆಗಲಿಲ್ಲ. ಕೋಣೆ ಮಾತ್ರ ಬಹಳ ಬೆಚ್ಚಗಿದೆ. ಹೊರಗೆ ಅಷ್ಟು ಗಾಳಿ, ಒಳಗೆ ಏನೂ ತಿಳಿಯುವುದಿಲ್ಲ. ಗಡದ್ದಾಗಿ ನಿದ್ದೆ ಬಂತು.

ಬೆಳಿಗ್ಗೆ ಪ್ರತಿಭಾ ನರಳುತ್ತಿದ್ದಳು. ಎದೆ ಹಾಲು ಕಟ್ಟಿಕೊಂಡು ಕಲ್ಲಾಗಿದೆ. ಹಾಲು ಬತ್ತಿಸಲು ಹೂವು ಕಟ್ಟಬೇಕು, ಮಲ್ಲಿಗೆ ತಾ ಅಂತ ಅತ್ತೆ ಕಳಿಸಿದರು. ಈ ಚಳಿಯಲ್ಲಿ ಮಲ್ಲಿಗೆ ಎಲ್ಲಿ ಬರಬೇಕು. ಹೂವಿನ ಪಿಳ್ಳಮ್ಮನ ಹತ್ತಿರ ಕಾಕಡ ಇತ್ತು. ಅದನ್ನೇ ತಂದು, ಪ್ರತಿಭಾಳ ಎದೆಯ ಮೇಲೆ ಹರಡಿ, ಹಳೇ ಸೀರೆಯ ಅಂಚಿನಿಂದ ಸುತ್ತಿದೆ.

"ಅತ್ತಿಗೆ, ನಾನು ಅವತ್ತು ಸುಳ್ಳು ಹೇಳ್ದೆ" ಅಂದಳು. ಕಣ್ಣಿಂದ ನೀರು ಕಿವಿಗೆ ಇಳಿಯುತ್ತಿತ್ತು. "ಅಮ್ಮನಿಗೆ ಹೆದರಿ ಹೇಳ್ದೆ."

"ಅಲ್ಲಾಡಬೇಡ, ಹೂವು ಜಾರುತ್ತೆ" ಅಂದೆ.

"ಬಿಗಿಯಾಯ್ತು ಅತ್ತಿಗೆ. ನೋಯ್ತಿದೆ."

ಇನ್ನೊಂದು ಸುತ್ತು ಸುತ್ತಿ ಗಂಟು ಹಾಕಿದೆ.